ಅವಳು ಇಳಿಸಿದ ಹದಿನೆಂಟು ಕಿಲೋ

ತೂಕ ಇಳಿಸಬೇಕೆಂದು ಹೊರಟವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಯಾರೂ ಕೇಳುವುದಿಲ್ಲ. ನೀವು ಬೆವರು ಹರಿಸಿದ್ದಕ್ಕಿಂತ ಹೆಚ್ಚಿನ ತೂಕ ತಾನಾಗಿಯೇ ಇಳಿಯತೊಡಗಿದರೆ ಖುಷಿಪಡಬೇಡಿ, ಡಾಕ್ಟರಿಗೆ ತೋರಿಸಿ. ನಾನು ತೋರಿಸಲಿಲ್ಲ. ನನ್ನ ಹೆಂಡತಿ ಇಳಿಯುವುದನ್ನು ನೋಡುತ್ತ ಐದು ತಿಂಗಳು ಖುಷಿಪಟ್ಟೆ. ಅವಳು ಹೋಗಿ ಈಗ ಎರಡು ವರ್ಷ.

ನನ್ನದು ಕುರಿ, ಆಡಿನ ವ್ಯಾಪಾರ. ದೇವದುರ್ಗ ತಾಲೂಕಿನ ಜಾಲಹಳ್ಳಿ ಕಡೆಯವನು. ಹದಿನೇಳನೇ ವಯಸ್ಸಿಗೆ ಮೂರು ಮರಿ ಹೊಡೆದುಕೊಂಡು ದೇವದುರ್ಗದ ಸಂತೆಗೆ ನಡೆದು ಹೋದವನು ಇವತ್ತು ರಾಯಚೂರಿನಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದೇನೆ. ಇದು ಯಾರೂ ಕೂರಿಸಿಕೊಂಡು ಕಲಿಸಿದ ವಿದ್ಯೆಯಲ್ಲ. ಕುರಿಯ ಬೆನ್ನಿನ ಮೇಲೆ ಕೈಯಿಟ್ಟು ಎಲುಬಿನ ಎರಡೂ ಬದಿ ಒತ್ತಿದರೆ ಮಾಂಸ ಎಷ್ಟಿದೆ, ಒಳಗೆ ರೋಗವಿದೆಯೋ ಇಲ್ಲವೋ ಬೆರಳಿಗೆ ತಿಳಿಯುತ್ತದೆ. ಎತ್ತಿ ನೋಡಿದರಂತೂ ತೂಕದಲ್ಲಿ ಅರ್ಧ ಕಿಲೋ ಆಚೀಚೆ ಆಗಬಹುದು, ಅಷ್ಟೇ.

ಈ ವ್ಯಾಪಾರದಲ್ಲಿ ಮೊದಲು ಕಲಿಯುವುದು ಹೆಸರಿಡುವುದನ್ನು. ಕೊಳ್ಳಲು ಬಂದವನು ಮಾಲನ್ನು ಹೊಗಳಬಾರದು. ಎಂಥ ಚಂದದ ಟಗರು ಮುಂದೆ ನಿಂತಿದ್ದರೂ ಕಾಲು ಸಣ್ಣ, ಹಲ್ಲು ಸವೆದಿದೆ, ಕಣ್ಣಿನಲ್ಲಿ ಪಿಸುರಿದೆ ಎನ್ನಬೇಕು. ಮೂವತ್ತೇಳು ವರ್ಷ ಹೀಗೆ ಅಂದು ಅಂದು ಅದು ಮನೆಗೂ ಬಂದುಬಿಟ್ಟಿತ್ತು. ರೊಟ್ಟಿ ದಪ್ಪವಾಯಿತು, ಸಾರು ನೀರಾಯಿತು, ಈ ಸೀರೆಯ ಬಣ್ಣ ನಿನಗೆ ಒಪ್ಪುವುದಿಲ್ಲ. ಸಿಟ್ಟಿನಿಂದ ಅಂದದ್ದಲ್ಲ. ಒಳ್ಳೆಯದಿದ್ದರೆ ಸುಮ್ಮನೆ ಉಣ್ಣುತ್ತಿದ್ದೆ. ಸುಮ್ಮನಿರುವುದೇ ಹೊಗಳಿಕೆ ಎಂದು ಅವಳಿಗೆ ಅರ್ಥವಾಗಿರುತ್ತದೆ ಎಂದುಕೊಂಡಿದ್ದೆ.

ಐವತ್ನಾಲ್ಕು ತುಂಬಿದ ವರ್ಷ ನನಗೆ ಸಕ್ಕರೆ ಕಾಯಿಲೆ ಬಂತು. ಆಗ ನನ್ನ ತೂಕ ತೊಂಬತ್ತೊಂದು. ಹದಿನೈದು ಕಿಲೋ ಇಳಿಸಬೇಕೆಂದು ಡಾಕ್ಟರು ಹೇಳಿದರು.

“ಹತ್ತಕ್ಕ ಮುಗಸ್ರಿ ಸಾಹೇಬ್ರ,” ಅಂದೆ.

“ಚೌಕಾಸಿ ನನ್ನ ಕೂಡ ಬ್ಯಾಡ್ರಿ, ನಿಮ್ಮ ಸಕ್ಕರಿ ಕೂಡ ಮಾಡ್ರಿ. ಅದು ಒಪ್ಪಿದ್ರ ನಂದೇನೂ ತಕರಾರಿಲ್ಲ,” ಅಂದರು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿ ನಕ್ಕಳು.

ಒಬ್ಬನೇ ನಡೆಯುವುದು ನನ್ನಿಂದಾಗದ ಕೆಲಸ. ಅವಳನ್ನೂ ಹೊರಡಿಸಿದೆ. ಅವಳಿಗೆ ನಲವತ್ತೊಂಬತ್ತು, ತೂಕ ಎಪ್ಪತ್ತೆಂಟು. ಮೆಟ್ಟಿಲು ಹತ್ತಿದರೆ ಮೊಣಕಾಲು ಹಿಡಿದು ನಿಲ್ಲುತ್ತಿದ್ದಳು.

“ಸಕ್ಕರಿ ನಿಮಗ, ಶಿಕ್ಷಾ ನನಗ. ಇದ್ಯಾವ ನ್ಯಾಯರೀ?” ಅಂದಳು.

“ನೀ ಮಾನ್ವಿಯಾಕಿ. ಕಾಲುವಿ ನೀರಿನ ಅನ್ನ ಉಂಡು ಉಂಡು ಹಿಂಗಾಗೀದಿ. ನಮ್ಮ ಕಡೆ ರೊಟ್ಟಿ ತಿಂದಿದ್ರ ನೆಟ್ಟಗ ಇರ್ತಿದ್ದಿ.”

“ರೊಟ್ಟಿ ತಿಂದ ನೀವು ಭಾಳ ನೆಟ್ಟಗ ಇದ್ದೀರಿ ಬಿಡ್ರಿ. ಹೊಟ್ಟಿ ಮುಂದ ಹೋಗ್ತದ, ನೀವು ಹಿಂದ ಹೋಗ್ತೀರಿ.”

ತಿಂಗಳಿಗೆ ಎಷ್ಟು ಇಳಿಸಬೇಕೆಂಬ ಮಾತು ಅಡುಗೆಮನೆಯಲ್ಲಿ ಸಂತೆಯ ಪದ್ಧತಿಯಲ್ಲೇ ನಡೆಯಿತು. ಸಂತೆಯಲ್ಲಿ ನಾವು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈಹಿಡಿದು ಬೆರಳು ಒತ್ತಿ ಹೇಳುತ್ತೇವೆ, ಸುತ್ತ ನಿಂತವರಿಗೆ ತಿಳಿಯಬಾರದು ನೋಡಿ. ಹೆಗಲ ಟವೆಲ್ಲು ತೆಗೆದು ಅವಳ ಕೈಮೇಲೆ ಹಾಕಿ ನಾಲ್ಕು ಬೆರಳು ಹಿಡಿದೆ. ಅವಳು ಒಂದು ಬಿಟ್ಟು ಉಳಿದದ್ದನ್ನು ಕೊಡವಿದಳು. ನಾನು ಮೂರಕ್ಕೆ ಇಳಿದೆ. ಕೊನೆಗೆ ಎರಡಕ್ಕೆ ಇತ್ಯರ್ಥವಾಯಿತು, ತಿಂಗಳಿಗೆ ಎರಡು ಕಿಲೋ. ಹಿಟ್ಟಿನ ಕೈಯಿಂದಲೇ ಬೆರಳು ಕೊಟ್ಟಿದ್ದಳು, ಟವೆಲ್ಲು ಬಿಳಿಯಾಯಿತು.

ಬೆಳಿಗ್ಗೆ ಐದೂವರೆಗೆ ಕೆರೆ ದಂಡೆಗೆ ಹೋಗುತ್ತಿದ್ದೆವು. ರಾಯಚೂರಿನ ಬಿಸಿಲಿಗೆ ಆರೂವರೆಯೊಳಗೆ ನಡೆದು ಮುಗಿಸಬೇಕು, ಇದನ್ನು ಬರೆದಿಟ್ಟುಕೊಳ್ಳಿ. ಅವಳಿಗೆ ಬಿಳಿ ಬೂಟು ಕೊಡಿಸಿದ್ದೆ. ಸೀರೆಯ ಕೆಳಗೆ ಬೂಟು ಕಾಣುತ್ತದೆ ಎಂದು ನಾಚಿ ಮೊದಲ ವಾರ ಮನೆಯಿಂದ ಚಪ್ಪಲಿಯಲ್ಲಿ ಬಂದು, ಬೂಟನ್ನು ಚೀಲದಲ್ಲಿ ತಂದು, ದಂಡೆಯ ಮೇಲೆ ಕುಳಿತು ಹಾಕಿಕೊಳ್ಳುತ್ತಿದ್ದಳು. ಊಟಕ್ಕೆ ಎರಡು ರೊಟ್ಟಿ, ಪಲ್ಯ ಜಾಸ್ತಿ, ಅನ್ನ ಬಂದ್. ಸಂಜೆಯ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಂದ್. ಕುರಿ ಮಾರುವವನ ಮನೆಯಲ್ಲಿ ಮಾಂಸ ತಿಂಗಳಿಗೆ ಎರಡೇ ಸಲ. ದೊಡ್ಡ ತಟ್ಟೆ ತೆಗೆದು ಸಣ್ಣ ತಟ್ಟೆಯಲ್ಲಿ ಉಣ್ಣುವ ಉಪಾಯ ನನ್ನದೇ. ಮಾಡಿ ನೋಡಿ, ಕೆಲಸ ಮಾಡುತ್ತದೆ.

ವಾರಕ್ಕೊಮ್ಮೆ ತೂಕ. ಅಡುಗೆಮನೆಯ ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲಿ ನನ್ನದನ್ನು ಕಪ್ಪು ಪೆನ್ನಿನಲ್ಲಿ, ಅವಳದನ್ನು ಕೆಂಪಿನಲ್ಲಿ ಬರೆಯುತ್ತಿದ್ದೆ. ಮೊದಲ ತಿಂಗಳು ಅವಳು ಒಪ್ಪಂದದಂತೆ ಎರಡು ಕಿಲೋ ಇಳಿದಳು. ಎರಡನೆಯ ತಿಂಗಳು ಮೂರು. ಮೂರನೆಯ ತಿಂಗಳು ನಾನು ಎಂಬತ್ತೇಳಕ್ಕೆ ಬಂದು ನಿಂತುಬಿಟ್ಟೆ, ಏನು ಮಾಡಿದರೂ ಮುಳ್ಳು ಅಲ್ಲಾಡಲಿಲ್ಲ. ಅವಳು ಮಾತ್ರ ನಾಲ್ಕು ಇಳಿದಳು.

ಸಂತೆಯಲ್ಲಿ ನಾನು ಹೇಳಿದ ಮೊದಲ ದರಕ್ಕೇ ಮಾಲಿನವನು ಹೂಂ ಎಂದರೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕುರಿಯ ಬಾಯಿ ಮತ್ತೊಮ್ಮೆ ಬಿಡಿಸಿ ನೋಡುತ್ತೇನೆ, ಹಿಕ್ಕೆ ನೋಡುತ್ತೇನೆ. ಕೇಳಿದ್ದಕ್ಕಿಂತ ಸಲೀಸಾಗಿ ಸಿಕ್ಕಿತೆಂದರೆ ಒಳಗೆ ಏನೋ ಇದೆ. ಮನೆಯಲ್ಲಿ ಎರಡು ಕೇಳಿದವನಿಗೆ ನಾಲ್ಕು ಸಿಕ್ಕಿದಾಗ ನಾನು ಯಾವ ಬಾಯಿಯನ್ನೂ ಬಿಡಿಸಿ ನೋಡಲಿಲ್ಲ.

ಒಂದು ಬೆಳಿಗ್ಗೆ ಮೊದಲ ರೊಟ್ಟಿಯನ್ನೇ ಅರ್ಧ ಬಿಟ್ಟಳು.

“ಯಾಕೋ ಊಟ ಸೇರವಲ್ದ್ರಿ. ಎರಡು ತುತ್ತಿಗೇ ಹೊಟ್ಟಿ ತುಂಬಿದಂಗ ಆಗ್ತದ.”

“ಭೇಷ್! ಹೊಟ್ಟಿ ಸಣ್ಣ ಆಗಾಕತ್ತೇದ. ಇದಕ್ಕ ಅಲ್ಲೇನು ನಾವು ಇಷ್ಟು ಬಡಕೊಂಡಿದ್ದು? ನಂಗ ಇನ್ನೂ ಹಸಿವಿ ಸತ್ತಿಲ್ಲ ನೋಡು. ನೀನ ಗೆದ್ದಿ.”

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕೆರೆ ದಂಡೆಯ ಮೇಲೆ ಆಗ ನನ್ನದೇ ದರ್ಬಾರು. ದಿನಾ ನಡೆಯಲು ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಒಂದು ದಿನ ನಿಲ್ಲಿಸಿ ಕೇಳಿದರು, “ಅಕ್ಕಾರು ಅರ್ಧ ಆಗ್ಯಾರಲ್ರಿ ಶೇಠ್ರ, ಏನು ಮಾಡಿಸಿದ್ರಿ?” ನಾನು ಕಲ್ಲುಬೆಂಚಿನ ಮೇಲೆ ಕುಳಿತು ಸಣ್ಣ ತಟ್ಟೆಯಿಂದ ಶುರು ಮಾಡಿದೆ. ಇನ್ನೂ ನಾಲ್ಕು ಜನ ಬಂದು ನಿಂತರು. “ಎಲ್ಲಾ ಇಕಿದ ಶ್ರಮರೀ. ನನಗ ಆಗಲಿಲ್ಲ, ಇಕಿ ಮಾಡಿ ತೋರಿಸಿದಳು. ಗಟ್ಟಿ ಹೆಣ್ಣು,” ಅಂದೆ. ಅವಳು ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡು ನೆಲ ನೋಡುತ್ತ ನಿಂತಿದ್ದಳು. ಕಿವಿಯವರೆಗೂ ಕೆಂಪಾಗಿದ್ದಳು. ಮನೆಗೆ ಬರುವ ದಾರಿಯಲ್ಲಿ ನನಗಿಂತ ಮುಂದೆ ಮುಂದೆ ನಡೆದಳು. ಆಮೇಲೆ ದಿನವೂ ಯಾರಾದರೊಬ್ಬರ ಮುಂದೆ ಇದೇ ಪಾಠ ಹೇಳುತ್ತಿದ್ದೆ, ಅವಳು ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು.

ನಾಲ್ಕನೆಯ ತಿಂಗಳು ಕಲ್ಮಲದಿಂದ ಮಗಳು ಬಂದಳು, ಅಲ್ಲಿಗೆ ಕೊಟ್ಟಿದ್ದೇವೆ. ಬಾಗಿಲಲ್ಲೇ ನಿಂತು, “ಯವ್ವಾ, ಮುಖ ಯಾಕ ಹಿಂಗಾಗೇದ? ಕಣ್ಣು ಒಳಗ ಹೋಗ್ಯಾವ,” ಅಂದಳು.

ನಾನೇ ಬಾಯಿ ಹಾಕಿದೆ. “ದಪ್ಪ ಇದ್ರ ಆರೋಗ್ಯ, ಸಣ್ಣಾದ್ರ ರೋಗ ಅಂತೀರಿ ನೀವು. ನಿಮ್ಮವ್ವನ್ನ ನೋಡಿ ಕಲಿ. ನೀನೂ ಹತ್ತು ಕಿಲೋ ಇಳಿಸಬೇಕು.”

“ನಂದು ಆಮ್ಯಾಲ ನೋಡೋಣ ಯಪ್ಪಾ. ಅಕಿನ್ನ ಒಮ್ಮೆ ದವಾಖಾನಿಗೆ ಕರಕೊಂಡು ಹೋಗು.”

“ನನಗೇನಾಗೇದವ್ವಾ, ಛಂದ ಇದ್ದೀನಿ. ನಿಮ್ಮಪ್ಪನ ಕೇಳು,” ಅಂದಳು ಹೆಂಡತಿ. ಅನ್ನುವಾಗ ನನ್ನ ಕಡೆ ನೋಡಿದಳು. ನಾನು ಕ್ಯಾಲೆಂಡರು ತಂದು ಮಗಳಿಗೆ ಕೆಂಪು ಅಂಕಿಗಳನ್ನು ತೋರಿಸಿದೆ. ಅಷ್ಟರೊಳಗೆ ಹೆಂಡತಿಯ ಕುಪ್ಪಸಗಳಿಗೆ ಮೂರು ಸಲ ಹೊಲಿಗೆ ಒಳಗೆ ಹಿಡಿಸಿಯಾಗಿತ್ತು.

ಐದನೆಯ ತಿಂಗಳ ಕೊನೆಗೆ ಕೆರೆ ದಂಡೆಯ ಅರ್ಧ ಸುತ್ತಿನಲ್ಲಿ ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಏಳಿಸಲೆಂದು ಬೆನ್ನಿಗೆ ಕೈಕೊಟ್ಟೆ. ಕುಪ್ಪಸದ ಮೇಲಿನಿಂದ ಬೆನ್ನೆಲುಬಿನ ಒಂದೊಂದು ಗಂಟೂ ನನ್ನ ಬೆರಳಿಗೆ ತಾಕಿತು. ಅವತ್ತು ನನಗೆ ತಿಳಿಯಿತು. ಯಾವ ಡಾಕ್ಟರೂ ಹೇಳುವ ಮುಂಚೆ ತಿಳಿಯಿತು. ಸಂತೆಯಲ್ಲಿ ಇಂಥ ಬೆನ್ನು ಕೈಗೆ ಸಿಕ್ಕಿದರೆ ಮಾತಾಡದೆ ಮುಂದಿನ ಹಗ್ಗದ ಕುರಿಗೆ ಹೋಗಿಬಿಡುತ್ತೇನೆ.

ಡಾಕ್ಟರು ಎಂದಿನಿಂದ ತೂಕ ಇಳಿಯುತ್ತಿದೆ ಎಂದು ಕೇಳಿದರು. ಕ್ಯಾಲೆಂಡರಿನ ಹಾಳೆಗಳನ್ನು ಮಡಿಚಿ ತಂದಿದ್ದೆ, ಮುಂದಿಟ್ಟೆ. ಎಪ್ಪತ್ತೆಂಟರಿಂದ ಅರವತ್ತರವರೆಗೆ ಬೆರಳಿಟ್ಟು ನೋಡಿದರು.

“ಇದನ್ನ ಬರದೋರು ಯಾರು?”

“ನಾನರೀ.”

“ಪ್ರತಿ ವಾರ ನೋಡೀರಿ?”

“ನೋಡೀನ್ರಿ.”

ಅವರು ಹಾಳೆಗಳನ್ನು ಮೊದಲಿದ್ದಂತೆಯೇ ಮಡಿಚಿ ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು.

ಹೊಟ್ಟೆಯಲ್ಲಿ ಗಡ್ಡೆ. ಹೈದರಾಬಾದಿಗೆ ಕರೆದೊಯ್ದೆ. ಎರಡು ತಿಂಗಳು ಮುಂಚೆ ಬಂದಿದ್ದರೆ ಆಪರೇಷನ್ನಿನ ಮಾತಾಡಬಹುದಿತ್ತು, ಈಗ ಹಬ್ಬಿದೆ, ಔಷಧಿಯಲ್ಲಿ ಎಷ್ಟು ದಿನ ನಡೆಯುತ್ತದೋ ನೋಡೋಣ ಅಂದರು. ನಾನು ಅಲ್ಲಿಯೂ ಒಂದು ವರ್ಷ ಕೊಡಿ, ಆರು ತಿಂಗಳು ಕೊಡಿ ಎಂದು ಕೇಳಿದವನೇ. ಆ ಡಾಕ್ಟರು ಸಣ್ಣ ವಯಸ್ಸಿನವರು, ತಲೆ ತಗ್ಗಿಸಿದರು. ಮೂರು ತಿಂಗಳು ಹೋಗಿ ಬಂದು ಮಾಡಿದ ಮೇಲೆ ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂದರು.

ಮನೆಯಲ್ಲಿ ಅವಳನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ನಾನೇ ಎತ್ತುತ್ತಿದ್ದೆ. ಎತ್ತಿದಾಗಲೆಲ್ಲ ಬೇಡವೆಂದರೂ ಕೈಗೆ ತೂಕ ತಿಳಿದುಬಿಡುತ್ತಿತ್ತು. ನಲವತ್ನಾಲ್ಕು. ನಲವತ್ತೆರಡು. ಅದನ್ನು ಎಲ್ಲಿಯೂ ಬರೆಯಲಿಲ್ಲ.

ಒಂದು ಮಧ್ಯಾಹ್ನ, ಹೊರಗೆ ಬಿಸಿಲು ಕುದಿಯುತ್ತಿತ್ತು, ಕೂಲರಿಗೆ ನೀರು ಹಾಕಿ ಬಂದು ಪಕ್ಕದಲ್ಲಿ ಕುಳಿತೆ. ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ.

“ಹೊಟ್ಟಿ ನೋವು ಮೊದಲಿಂದ ಇತ್ತೇನು?”

“ಮೂರನೇ ತಿಂಗಳಿಂದ ಇತ್ರಿ.”

“ಯಾಕ ಹೇಳಲಿಲ್ಲ?”

ಸೀಲಿಂಗ್ ಫ್ಯಾನು ನೋಡುತ್ತ ಹೇಳಿದಳು, “ನೀವು ಅಷ್ಟು ಖುಷಿಯಾಗಿದ್ರಿ. ದಂಡಿ ಮ್ಯಾಲ ಮಂದಿ ಮುಂದ ಗಟ್ಟಿ ಹೆಣ್ಣು ಅಂದ್ರಿ. ಇಪ್ಪತ್ತೆಂಟು ವರ್ಷದಾಗ ನೀವು ನನಗ ಒಳ್ಳೇ ಮಾತು ಅಂದಿದ್ದು ಅದ ಮೊದಲು. ನೋವು ಅಂತ ಹೇಳಿದ್ರ ನಡಿಯೋದು ಬಿಡಸ್ತೀರಿ, ಮತ್ತ ರೊಟ್ಟಿ ದಪ್ಪ ಆಗೇದ ಅಂತೀರಿ. ಇನ್ನೊಂದೀಟು ದಿನ ಇರ್ಲಿ ಅನಿಸ್ತು.”

“ನನಗ ತಿಳೀಬೇಕಿತ್ತು,” ಅಂದೆ.

“ನಿಮಗ ಕುರಿ ತಿಳೀತಾವ ಬಿಡ್ರಿ,” ಅಂದಳು. ನಗಲು ನೋಡಿದಳು, ಕೆಮ್ಮು ಬಂತು.

ಒಳ್ಳೇ ಮಾತಿನ ವಿಷಯದಲ್ಲಿ ಅವಳು ಹೇಳಿದ್ದು ನಿಜ. ರೊಟ್ಟಿ ಎಷ್ಟು ತೆಳ್ಳಗೆ ಬಡಿಯುತ್ತಿದ್ದಳೆಂದರೆ ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತಿತ್ತು. ಅದನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಆ ಮಧ್ಯಾಹ್ನದ ನಂತರ ನಾನು ಹೊಗಳಲು ಶುರು ಮಾಡಿದೆ. ಸಂತೆಗೆ ತಡವಾಗಿ ಬಂದ ವ್ಯಾಪಾರಿ ಹೇಗೆ ಸಿಕ್ಕಿದ್ದನ್ನೆಲ್ಲ ಕೊಳ್ಳುತ್ತಾನೋ ಹಾಗೆ. ಅವಳ ಕೂದಲು, ಅವಳು ಮಗಳನ್ನು ಬೆಳೆಸಿದ ರೀತಿ, ಮೊದಲ ಸಲ ಮಾನ್ವಿಗೆ ನೋಡಲು ಹೋದಾಗ ಅವಳು ಉಟ್ಟಿದ್ದ ಹಸಿರು ಸೀರೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. “ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇವನ್ನ?” ಎಂದು ಒಮ್ಮೆ ಕೇಳಿದಳು.

ಗಂಜಿ ಕುಡಿಸುವಾಗಲೂ ಅದೇ ಚಾಳಿ. ಒಂದು ಚಮಚ ಒಳಗೆ ಹೋದರೆ ಶಹಬ್ಬಾಸ್, ಗಟ್ಟಿ ಹೆಣ್ಣು, ಇನ್ನೊಂದು ಅನ್ನುತ್ತಿದ್ದೆ. ಅವಳು ಇನ್ನೊಂದು ಕುಡಿಯುತ್ತಿದ್ದಳು. ಬೆಳಿಗ್ಗೆ ಮೂರು ಚಮಚ, ಸಂಜೆ ಐದು. ಚೇತರಿಸಿಕೊಳ್ಳುತ್ತಿದ್ದಾಳೆಂದು ಮಗಳಿಗೆ ಫೋನಿನಲ್ಲಿ ಹೇಳಿದೆ. ಆರೈಕೆಗೆ ಬಂದ ಮಗಳು ಎರಡು ದಿನ ನೋಡಿ, ನನ್ನನ್ನು ಪಡಸಾಲೆಗೆ ಕರೆದಳು.

“ಯಪ್ಪಾ, ನೀ ಹೊರಗ ಹೋಗೂದ ತಡ, ಅವ್ವ ಎಲ್ಲಾ ವಾಂತಿ ಮಾಡಿಕೊಳ್ತಾಳ. ನಿನಗ ಹೇಳಬ್ಯಾಡ ಅಂದಾಳ.”

ಸಂಜೆ ಗಂಜಿಯ ಬಟ್ಟಲು ಹಿಡಿದು ಹೋದೆ. ನನ್ನನ್ನು ಕಂಡ ಕೂಡಲೇ ದಿಂಬಿಗೆ ಒರಗಿ ಮೇಲೇಳಲು ನೋಡಿದಳು, ಬಾಯಿ ತೆರೆದಳು. ನಾನು ಬಟ್ಟಲನ್ನು ಕಿಟಕಿಯ ಮೇಲಿಟ್ಟೆ.

“ಬ್ಯಾಡ. ಸೇರದಿದ್ರ ಬಿಡು.”

“ಎರಡು ಚಮಚ ಕುಡೀತೀನ್ರಿ.”

“ಬ್ಯಾಡ ಅಂದ್ನಲ್ಲ. ಮಲಕೋ.”

ಅವಳು ನನ್ನ ಮುಖ ನೋಡಿದಳು, ಸಿಟ್ಟು ಬಂದಿದೆಯೋ ಎಂದು ಹುಡುಕುವಂತೆ. ನಾನು ಒದ್ದೆ ಬಟ್ಟೆಯಿಂದ ತುಟಿ ಒರೆಸಿ, ಮೆಲ್ಲಗೆ ದಿಂಬಿಗೆ ತಲೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ಅವಳ ಹಣೆಯ ಗಂಟು ಸಡಿಲಾಯಿತು, ಉಸಿರು ನಿಧಾನವಾಯಿತು. ಅದಾದ ಮೇಲೆ ಹನ್ನೊಂದು ದಿನ ಇದ್ದಳು. ಆ ಹನ್ನೊಂದು ದಿನವೂ ನಾನು ಅವಳಿಂದ ಏನನ್ನೂ ಕೇಳಲಿಲ್ಲ, ಅವಳೂ ನನಗಾಗಿ ಏನನ್ನೂ ಮಾಡಲಿಲ್ಲ.