ಹದಿನೇಳನೆಯ ಹಾಳೆ

ಬೊಮ್ಮನಹಳ್ಳಿಯ ಆ ಗಾರ್ಮೆಂಟ್ಸ್‌ನಲ್ಲಿ ಮಹಾದೇವಿ ಹನ್ನೊಂದು ವರ್ಷದಿಂದ ಹೆಲ್ಪರ್. ಶಹಾಪುರದ ಕಡೆಯವಳು. ಮೆಷಿನ್‌ನಿಂದ ಮೆಷಿನ್‌ಗೆ ಬಟ್ಟೆ ತುಂಡುಗಳ ಬಂಡಲ್ ಸಾಗಿಸುವುದು ಅವಳ ಕೆಲಸ.

ಕತ್ತರಿಸಿದ ಪ್ರತಿ ತುಂಡಿಗೂ ಪುಟ್ಟದೊಂದು ನಂಬರ್ ಚೀಟಿ ಅಂಟಿಸಿರುತ್ತಾರೆ. ಐದನೇ ಕಾಲರ್ ಐದನೇ ಮೈಬಟ್ಟೆಗೇ ಸೇರಬೇಕು. ಆರನೆಯದಕ್ಕೆ ಸೇರಿದರೆ ಒಳಗೆ ಗೊತ್ತಾಗುವುದಿಲ್ಲ, ಬಿಸಿಲಿಗೆ ಹಿಡಿದಾಗ ಬಣ್ಣ ಬೇರೆಯಾಗಿ ಕಾಣುತ್ತದೆ. ಅವಳಿಗಿಂತ ಮುಂಚೆ ಇದ್ದವಳು ಒಮ್ಮೆ ಸಾಲು ತಪ್ಪಿಸಿದಾಗ, ಇಡೀ ದಿನ ಹೊಲಿದದ್ದನ್ನು ಎಲ್ಲರೂ ಮಾರನೆಯ ದಿನ ಕೂತು ಬಿಚ್ಚಿದ್ದರಂತೆ. ಮಹಾದೇವಿಯ ಕೈಯಲ್ಲಿ ಒಂದು ಸಲವೂ ಸಾಲು ತಪ್ಪಿರಲಿಲ್ಲ.

"ಮಹಾದೇವಕ್ಕ ಬೈದ್ರೆ ಕಾಗೆಗಳೂ ನಂಬರ್ ಪ್ರಕಾರ ಕೂರ್ತವೆ ಕಣ್ರೇ" ಎಂದು ಹೆಂಗಸರು ನಗುತ್ತಿದ್ದರು. ಅವಳಿಗೂ ಅದು ಒಳಗೊಳಗೇ ಹೆಮ್ಮೆ.

ಶರ್ಟು ಕೊಳ್ಳುವ ವಿದೇಶಿ ಕಂಪನಿಯವರು ಕೆಲಸಗಾರರ ಅಭಿಪ್ರಾಯ ಕೇಳಿದ್ದರು. ಒಂದು ಬುಧವಾರ ಆಫೀಸಿನ ಕೃಪಾ ಮೇಡಂ ಹಾಳೆ ಹಂಚಿದರು. ಅವತ್ತು ಮೂವತ್ತೆರಡು ಮೆಷಿನ್‌ಗಳಲ್ಲಿ ಒಂದೂ ಖಾಲಿ ಇರಲಿಲ್ಲ.

"ಹೆಸರು ಬೇಡ, ಟೋಕನ್ ನಂಬರೂ ಬೇಡ. ಟಿಕ್ ಹಾಕಿ. ಕೆಳಗೆ ಜಾಗ ಬಿಟ್ಟಿದೆ, ಏನಾದ್ರೂ ಹೇಳೋದಿದ್ರೆ ಧೈರ್ಯವಾಗಿ ಬರೀರಿ. ಯಾರು ಬರೆದಿದ್ದು ಅಂತ ಯಾರಿಗೂ ಗೊತ್ತಾಗಲ್ಲ."

ಹದಿನೇಳನೇ ಮೆಷಿನ್‌ನಲ್ಲಿ ತೋಳು ಕೂಡಿಸುವವಳು ವೇಣಿ. ಅವಳ ಮಗು ಫ್ಯಾಕ್ಟರಿಯ ಹಿಂದಿನ ಬೀದಿಯ ಅಂಗನವಾಡಿಯಲ್ಲಿತ್ತು. ಸೂಪರ್‌ವೈಸರ್ ನಂದೀಶ್ ಅವಳ ಬೆನ್ನ ಹಿಂದೆ ಬಂದು ನಿಲ್ಲುವುದು, ಹೊಲಿಗೆ ನೋಡುವ ನೆಪದಲ್ಲಿ ಹೆಗಲ ಮೇಲೆ ಕೈಯಿಡುವುದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಡುತ್ತಿರಲಿಲ್ಲ.

"ಅಕ್ಕ, ನಿಜವಾಗ್ಲೂ ಗೊತ್ತಾಗಲ್ವಾ?" ವೇಣಿ ಪಿಸುಗುಟ್ಟಿದಳು.

"ಹೆಸರೇ ಇಲ್ಲಂದ್ರ ಹ್ಯಾಂಗ ಗೊತ್ತಾಗ್ತದವ್ವಾ? ಬರಿ."

ವೇಣಿ ಪೆನ್ನನ್ನು ಎಡಗೈಗೆ ಬದಲಾಯಿಸಿಕೊಂಡಳು. ಅಕ್ಷರ ನೋಡಿ ಗುರುತು ಹಿಡಿದಾರೆಂದು, ನಾಲ್ಕು ಸಾಲನ್ನು ಸೊಟ್ಟಸೊಟ್ಟಗೆ ಬರೆದಳು.

ಹಾಳೆ ಹಾಕಲು ತರುತ್ತೇವೆಂದಿದ್ದ ಡಬ್ಬಿ ಸಂಜೆಯಾದರೂ ಬರಲಿಲ್ಲ. "ಮಹಾದೇವಿ, ನೀವೇ ಕಲೆಕ್ಟ್ ಮಾಡಿ ಕೊಡಿ" ಎಂದು ಕೃಪಾ ಹೇಳಿ ಹೋದರು. ಮಹಾದೇವಿ ಒಂದನೇ ಮೆಷಿನ್‌ನಿಂದ ಶುರುಮಾಡಿದಳು. ಯಾರದ್ದನ್ನೂ ಓದಬಾರದೆಂದು ಪ್ರತಿ ಹಾಳೆಯನ್ನೂ ಬೋರಲಾಗಿ, ಒಂದರ ಮೇಲೊಂದು ಇಟ್ಟಳು. ಮೂವತ್ತೆರಡೂ ಆದ ಮೇಲೆ ಅಂಚು ಕುಟ್ಟಿ ಸಮ ಮಾಡಿ, ಚಿಂದಿ ಬಟ್ಟೆಯ ಪಟ್ಟಿಯಿಂದ ಕಟ್ಟಿದಳು. ಕೈ ಅಭ್ಯಾಸಬಲದಿಂದ ನಂಬರ್ ಚೀಟಿಗೆ ಹೋಯಿತು. ಇದಕ್ಕೆ ಚೀಟಿ ಬೇಡವೆಂದು ನಕ್ಕು ವಾಪಸು ತೆಗೆದುಕೊಂಡಳು.

ಶನಿವಾರ ಅವಳನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಅದೇ ಕಟ್ಟು. ನಂದೀಶ್ ಕುರ್ಚಿಯಲ್ಲಿದ್ದ. ಕೃಪಾ ಕಂಪ್ಯೂಟರ್ ನೋಡುತ್ತಿದ್ದರು.

"ಇದನ್ನ ಕಟ್ಟಿದ್ದು ನೀವೇ ತಾನೇ ಮಹಾದೇವಕ್ಕ?"

"ಹೌದ್ರಿ ಸಾರ್."

"ಸಾಲಾಗಿ ಇದೆಯಾ, ಇಲ್ಲ ಕಲಸಿಬಿಟ್ಟಿದೀರಾ?"

"ಏನ್ ಮಾತ್ರಿ ಸಾರ್! ಹನ್ನೊಂದು ವರ್ಷದಾಗ ನಾ ಎಂದರ ಕಲಸೀನೇನು? ಒಂದರಿಂದ ಮೂವತ್ತೆರಡು."

ಹೇಳಿ ಮುಗಿಸಿದ ಮೇಲೆ ಅವಳಿಗೆ ಅವನ ಬೆರಳು ಕಂಡಿತು. ಅವನು ಕಟ್ಟನ್ನು ಮಗುಚಿ, ಪಟ್ಟಿ ಬಿಚ್ಚಿ, ಮೇಲಿನಿಂದ ಒಂದೊಂದೇ ಹಾಳೆ ತೆಗೆಯುತ್ತಿದ್ದ.

"ಸಾರ್, ಇದು ನಾವು ನೋಡಬಾರದು" ಎಂದರು ಕೃಪಾ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

"ನೋಡ್ತಿಲ್ಲ ಮೇಡಂ. ಎಣಿಸ್ತಿದೀನಿ."

"ಇಲ್ರಿ ಸಾರ್, ಮರ್ತಿದ್ದೆ," ಎಂದಳು ಮಹಾದೇವಿ. "ಫ್ಯಾನ್ ಗಾಳಿಗಿ ಹಾರಿದ್ವು. ಎಲ್ಲಾ ಕಲಸ್ಯಾವ."

ನಂದೀಶ್ ಮನಸಾರೆ ನಕ್ಕ. "ನಿಮ್ಮ ಕೈಯಲ್ಲಾ? ಹೋಗಿ ಅಕ್ಕ, ಬಂಡಲ್ ಕಾಯ್ತಿರುತ್ತೆ."

ಹದಿನೇಳಕ್ಕೆ ಅವನ ಬೆರಳು ನಿಂತದ್ದನ್ನು ಅವಳು ಬಾಗಿಲಿನಿಂದ ನೋಡಿದಳು.

ಸೋಮವಾರ ವೇಣಿಯನ್ನು ಜಿಗಣಿಯ ಯೂನಿಟ್‌ಗೆ ಹಾಕಿದರು. ಅಲ್ಲಿ ಜನ ಕಡಿಮೆ ಇದ್ದಾರೆಂದು ಕಾರಣ ಬರೆದಿದ್ದರು. ಎರಡು ಬಸ್ಸು ಬದಲಿಸಿ ಹೋಗಬೇಕು. ಅಂಗನವಾಡಿ ಮುಚ್ಚುವಷ್ಟರಲ್ಲಿ ವಾಪಸು ಬರಲಾಗುವುದಿಲ್ಲ. ಹತ್ತು ದಿನ ಓಡಾಡಿ, ಹನ್ನೊಂದನೆಯ ದಿನ ಕೆಲಸ ಬಿಡುತ್ತೇನೆಂದು ತಾನೇ ಬರೆದುಕೊಟ್ಟಳು. ಅದನ್ನು ಬರೆದದ್ದು ಬಲಗೈಯಲ್ಲಿ.

ಹಳೆಯ ಆಫೀಸಿಗೇ ಬಂದು ಕಾಗದ ಕೊಟ್ಟವಳು ಗೇಟಿನ ಹೊರಗೆ ಮಹಾದೇವಿಗೆ ಸಿಕ್ಕಳು.

"ಎಡಗೈಲಿ ಬರ್ದಿದ್ದೆ ಅಕ್ಕ. ಅದೆಂಗೆ ಗೊತ್ತಾಯ್ತು ಅಂತ್ಲೇ ತಿಳೀತಿಲ್ಲ."

ಸುಮ್ಮನಿದ್ದುಬಿಡಬಹುದಿತ್ತು. ಮಹಾದೇವಿಗೆ ಸುಮ್ಮನಿರಲಾಗಲಿಲ್ಲ.

"ನಾ ಸಾಲಾಗಿ ಇಟ್ಟಿದ್ದೆ ತಂಗಿ. ಅಂವಾ ಎಣಿಸಿದ."

ವೇಣಿ ಅವಳ ಮುಖವನ್ನೇ ನೋಡಿದಳು. ಬೈಯಲಿಲ್ಲ. "ಬರಿ ಅಂದಿದ್ದೂ ನೀವೇ" ಎಂದಳು. ಬಸ್ಸು ಬಂತು, ಹತ್ತಿದಳು.

ಮುಂದಿನ ವರ್ಷವೂ ಹಾಳೆ ಬಂದವು. ಈ ಸಲ ಬೀಗ ಹಾಕಿದ ಡಬ್ಬಿಯೂ ಬಂದಿತ್ತು. ಹದಿನೇಳನೇ ಮೆಷಿನ್‌ನಲ್ಲಿ ಈಗ ಬೇರೆ ಹುಡುಗಿ, ಅವಳ ಬೆನ್ನ ಹಿಂದೆಯೂ ನಂದೀಶ್ ನಿಲ್ಲುತ್ತಿದ್ದ. ಡಬ್ಬಿ ಇದ್ದರೂ ಮಹಾದೇವಿ ಹಾಳೆಗಳನ್ನು ತಾನೇ ಇಸಿದುಕೊಂಡಳು. ನೆಲದ ಮೇಲೆ ಹರಡಿ, ಎರಡೂ ಕೈಯಿಂದ ಮೇಲೆ ಕೆಳಗೆ ಮಾಡಿ ಕಲಸಿದಳು. ಮಗುಚಿಬಿದ್ದ ಹಾಳೆಗಳು ಬೇಡವೆಂದರೂ ಕಣ್ಣಿಗೆ ಬಿದ್ದವು. ಎಲ್ಲದರಲ್ಲೂ 'ಚೆನ್ನಾಗಿದೆ' ಎನ್ನುವುದಕ್ಕೇ ಟಿಕ್. ಕೆಳಗಿನ ಜಾಗದಲ್ಲಿ ಯಾರೂ ಒಂದಕ್ಷರ ಬರೆದಿರಲಿಲ್ಲ.

ಆದರೂ ಅವಳು ಕಲಸುತ್ತಲೇ ಇದ್ದಳು.