ಪೊಟರೆಬಾಯಿಯ ಜಾಲರಿ

ಚಿನೆನ್ ಸೆಯ್‌ತೊಕು ಇದ್ದಿಲು ಸುಡುವವರ ಮನೆಯಲ್ಲಿ ಹುಟ್ಟಿದವನು. ಒಕಿನಾವಾ ದ್ವೀಪದ ಉತ್ತರ ಭಾಗದ ಯಾನ್‌ಬರು ಕಾಡಿನಲ್ಲಿ, ಮಚ್ಚಿನ ಬೆನ್ನಿನಿಂದ ಶಿಯಿ ಮರವನ್ನು ತಟ್ಟಿ ಕಿವಿಗೊಡುವುದು ಅವರ ರೂಢಿ. ಗಟ್ಟಿ ಮರದ ದನಿ ಬಂದರೆ ಇದ್ದಿಲ ಗೂಡಿಗೆ. ಟೊಳ್ಳು ದನಿ ಬಂದರೆ ಬದುಕಿಕೊಂಡಿತು. ಹಾಗೆ ಕೆಲಸಕ್ಕೆ ಬಾರದೆ ಉಳಿದ ಮರಗಳೇ ಈಗ ಕಾಡಿನ ಹಿರಿಯರು. ಎಪ್ಪತ್ತೆರಡರ ಸೆಯ್‌ತೊಕು ಅವುಗಳ ಕಾವಲುಗಾರ.

ಪೊಟರೆಯ ತಳದ ಮೆತ್ತನೆಯ ಪುಡಿಯಲ್ಲಿ ಉದ್ದಗೈ ಜೀರುಂಡೆಯ ಮರಿಹುಳು ಮೂರು ನಾಲ್ಕು ವರ್ಷ ಕನಸು ಕಾಣುತ್ತ ಮಲಗಿರುತ್ತದೆ. ಮೇಲಂತಸ್ತಿನಲ್ಲಿ ಉದ್ದಗೂದಲ ಇಲಿಯ ಸಂಸಾರ. ಎರಡೂ ಅಳಿವಿನ ಅಂಚಿಗೆ ಬಂದ ಜೀವಗಳೇ. ಜೀರುಂಡೆಗೆ ಅದನ್ನು ಹಿಡಿದು ಸಂಗ್ರಹಕಾರರಿಗೆ ಮಾರುವ ಕಳ್ಳರ ಕಾಟ, ಇಲಿಗೆ ಬೆಕ್ಕು ಮತ್ತು ಕಾರಿನ ಚಕ್ರ.

"ಜೀರುಂಡೆನ ಕದಿಯೋಕಾದ್ರೂ ಜನ ಇದಾರೆ. ಪಾಪ, ಇಲಿ ಬೇಕು ಅನ್ನೋರೇ ಇಲ್ಲ" ಎಂದು ಹೆಂಡತಿ ತೊಮಿ ಚುಚ್ಚುತ್ತಿದ್ದಳು. ಸೆಯ್‌ತೊಕು ಕೂಡ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಹಚ್ಚುವವನೇ. ಜೀರುಂಡೆಯ ಹಸಿರು ಹೊಳಪು ಅವನ ನಿದ್ದೆಯಲ್ಲೂ ಹಾರಾಡುತ್ತಿತ್ತು. ಇಲಿ ಎಷ್ಟಾದರೂ ಇಲಿ ತಾನೆ?

ಒಂದು ಶರತ್ಕಾಲದಲ್ಲಿ ಯಾರೋ ಒಂದು ಪೊಟರೆಯನ್ನು ಕೆರೆದು ಬರಿದು ಮಾಡಿಹೋಗಿದ್ದರು. ಅಂದೇ ಮುಸ್ಸಂಜೆ ಸೆಯ್‌ತೊಕು ಎಲ್ಲಕ್ಕಿಂತ ದೊಡ್ಡ ಮರದ ಪೊಟರೆಬಾಯಿಗೆ ತಂತಿ ಜಾಲರಿ ಬಡಿದ. ಜೀರುಂಡೆ ನುಸುಳಬೇಕು, ಕಳ್ಳನ ಕೈ ನುಸುಳಬಾರದು, ಅಂಥ ಕಂಡಿಗಳು. ಇಲಿ ಮೇವಿಗೆ ಹೊರಡುವ ಹೊತ್ತೂ ಅದೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಆಮೇಲೆ ಎರಡು ದಿನ ಮಳೆ ಹಿಡಿಯಿತು.

ಮೂರನೆಯ ಬೆಳಿಗ್ಗೆ ತೊಮಿಯೂ ಜೊತೆಗೆ ಬಂದಳು. ಕಾಡು ಮಂಜಿನಲ್ಲಿ ತೇಲುತ್ತಿತ್ತು. ಜಾಲರಿಯ ಮೇಲೆ ನೆಂದು ಮುದ್ದೆಯಾದ ತಾಯಿ ಇಲಿ ಕೂತಿತ್ತು. ತಂತಿ ಕಚ್ಚಿ ಕಚ್ಚಿ ಅದರ ಬಾಯೆಲ್ಲ ರಕ್ತ. ಇವರನ್ನು ಕಂಡರೂ ಓಡಲಿಲ್ಲ. ಒಳಗಿನಿಂದ ನೂಲಿನಷ್ಟು ಸಣ್ಣ ದನಿ ಬರುತ್ತಿತ್ತು.

"ಕಿತ್ತುಬಿಟ್ರೆ ಜೀರುಂಡೆ ಗತಿ ಏನೇ?" ಎಂದ ಸೆಯ್‌ತೊಕು.

"ಅದನ್ನ ಕಾಯೋಕೆ ನೀವಿದೀರಲ್ಲ ರೀ. ಈ ಮರಿಗಳಿಗೆ ಇವಳೊಬ್ಬಳೇ."

ಅವನು ಮಚ್ಚಿನ ತುದಿಯಿಂದ ಮೊಳೆ ಮೀಟಿದ. ಇಲಿ ಒಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಒಂದು ಮರಿಯನ್ನು ಕಚ್ಚಿಕೊಂಡು ಬಂದು, ಕೊಂಬೆಯಿಂದ ಕೊಂಬೆಗೆ ದಾಟಿ ಮಂಜಿನೊಳಗೆ ಹೋಯಿತು. ಮರಳಿ ಬಂದು ಇನ್ನೊಂದನ್ನು ಒಯ್ದಿತು. ಮೂರನೆಯ ಮರಿ ಮಿಸುಕುತ್ತಿರಲಿಲ್ಲ, ಅದರ ಕಾಲುಗಳು ಜೋತುಬಿದ್ದಿದ್ದವು. ಅದನ್ನೂ ತಾಯಿ ಅಷ್ಟೇ ಜೋಪಾನವಾಗಿ ಹಿಡಿದು, ಅಷ್ಟೇ ಮೆಲ್ಲಗೆ ಕೊಂಬೆ ದಾಟಿತು.

ಸೆಯ್‌ತೊಕು ಬೇರಿನ ಮೇಲೆ ಕುಸಿದು ಕೂತು ಅತ್ತುಬಿಟ್ಟ. ತೊಮಿ ಅವನನ್ನು ಸಮಾಧಾನಪಡಿಸಲು ಹೋಗಲಿಲ್ಲ.