ಟ್ರಾಲಿಗೆ ಲಂಗೋಟಿ ಕಟ್ಟುವ ರೇಡಿಯಂ ಕಾಕಾ

ಬೆಳಗಿನ ಐದೂಮುಕ್ಕಾಲು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ, ಪೀರನವಾಡಿ ದಾಟಿದ ಮೇಲೆ ಸಿಗುವ ಸಾತಪ್ಪನ ಚಹಾದಂಗಡಿ. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಮೊದಲು ಇಂಜಿನ್ನಿನ ಸದ್ದು ಬರುತ್ತದೆ, ಗಾಡಿ ಆಮೇಲೆ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ಏದುಸಿರು ಬಿಡುತ್ತ ಬಂದು ರಸ್ತೆ ಬಿಟ್ಟು ಕೆಳಗೆ ನಿಲ್ಲುತ್ತದೆ. ಚಾಲಕ ಬೀರೇಶ ಮಫ್ಲರ್ ಸಡಿಲಿಸಿ ಚಹಾ ಹೇಳುವಷ್ಟರಲ್ಲಿ, ಬೆಂಚಿನ ಮೇಲೆ ಕೂತಿದ್ದ ಬಡಕಲು ಮೈಯ ಹಿರಿಯರೊಬ್ಬರು ಟಾರ್ಚ್ ಹಿಡಿದು ಎದ್ದು, ಯಾರನ್ನೂ ಕೇಳದೆ ಟ್ರಾಲಿಯ ಸುತ್ತ ನಡೆಯತೊಡಗುತ್ತಾರೆ.

ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವೆ ಇರುವ ಪಿನ್ನನ್ನು ಕೈಯಿಂದ ಅಲ್ಲಾಡಿಸಿ ನೋಡುತ್ತಾರೆ. ಪಿನ್ ಮುರಿದರೂ ಟ್ರಾಲಿ ಕಳಚಿ ಓಡದಂತೆ ಹಿಡಿಯುವ ಸರಪಳಿಯನ್ನು ಜಗ್ಗುತ್ತಾರೆ. ಟೈರುಗಳಿಗೆ ಒಂದೊಂದು ಏಟು. ಹಿಂದಕ್ಕೆ ಬಂದವರು ಥಟ್ಟನೆ ನಿಲ್ಲುತ್ತಾರೆ.

"ತಮ್ಮಾ, ಹಿಂದಿನ ದೀಪಕ್ಕ ಹಾರಾ ಹಾಕೀಯಲ್ಲ, ಕಾಣೂದು ಹೆಂಗ?"

"ಅಮಾಸಿ ಪೂಜಿ ಮಾಡೇವ್ರಿ ಕಾಕಾ."

"ಮಾಡು, ಬ್ಯಾಡ ಅಂದವರ್‍ಯಾರು? ಹಾರಾ ಮುಂದ ಹಾಕು. ಹಿಂದಿನ ದೀಪ ನಿನಗಲ್ಲ, ಹಿಂದ ಬರಾವಂಗ."

ಒಣಗಿದ ಚೆಂಡುಹೂವಿನ ಹಾರವನ್ನು ಭಕ್ತಿಯಿಂದಲೇ ಬಿಚ್ಚಿ ಬೀರೇಶನ ಕೈಗಿಟ್ಟು, ಹೆಗಲ ಚೀಲದಿಂದ ಮೊಳದುದ್ದದ ತಾಡಪತ್ರಿಯ, ಅಂದರೆ ಟಾರ್ಪಾಲಿನ, ಪಟ್ಟಿಯೊಂದನ್ನು ಹೊರಗೆಳೆಯುತ್ತಾರೆ. ಅದರ ಮೇಲೆ ಅಡ್ಡಡ್ಡ ಎರಡು ಕೆಂಪು ಗೀಟು. ಟಾರ್ಚಿನ ಬೆಳಕು ಬಿದ್ದೊಡನೆ ಗೀಟುಗಳು ಕೆಂಡದ ಹಾಗೆ ಹೊಳೆಯುತ್ತವೆ. ಚಾಚಿಕೊಂಡ ಕಬ್ಬಿನ ಕೊನೆಯ ಹೊರೆಗೆ ಅದನ್ನು ಇಳಿಬಿಟ್ಟು ಒಂದು ಗಂಟು ಹಾಕುತ್ತಾರೆ, ಅದರ ಮೇಲೆ ಇನ್ನೊಂದು.

"ಪ್ರದಕ್ಷಿಣಿ ಮುಗೀತೇನ್ರಿ ಕಾಕಾ?" ಎಂದು ಬೀರೇಶ ಕಾಡುತ್ತಾನೆ. "ನಮ್ಮ ಗಾಡಿಗೂ ಲಂಗೋಟಿ ಆತು ಬಿಡ್ರಿ. ಮಾನಾ ಉಳೀತು."

"ಮಾನಾ ಅಷ್ಟ ಅಲ್ಲೋ, ಜೀವಾನೂ ಉಳೀತದ," ಎನ್ನುತ್ತಾರೆ ಹಿರಿಯರು. ನಗುವುದಿಲ್ಲ. ಇಂದು ಬೆಳಗಿನಿಂದ ಅವರ ಕಣ್ಣು ಮತ್ತೆ ಮತ್ತೆ ಖಾನಾಪುರದ ದಿಕ್ಕಿಗೆ ಹೋಗುತ್ತಿದೆ.

ಇವರು ಪದ್ಮಾಕರ ಚೌಗುಲೆ. ವಯಸ್ಸು ಅರವತ್ತಮೂರು. ಮನೆ ಅನಗೋಳದ ಹಳೆಯ ಓಣಿಯಲ್ಲಿ, ಅಂಗಡಿ ರವಿವಾರ ಪೇಟೆಯಲ್ಲಿ. ಅಂಗಡಿ ಎಂದರೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕಾದ ಜಾಗ. ಮೊದಲು ಬಣ್ಣದ ಡಬ್ಬಿ, ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದರು. ಬರೆಸುವವರು ಕಡಿಮೆಯಾದ ಮೇಲೆ ವಾಹನಗಳಿಗೆ ನಂಬರು, ಬೆಳಕಿಗೆ ಹೊಳೆಯುವ ಪಟ್ಟಿ ಕತ್ತರಿಸಿ ಅಂಟಿಸುವ ಕೆಲಸಕ್ಕೆ ಇಳಿದರು. ಆ ಪಟ್ಟಿಗೆ ಊರಿನವರೆಲ್ಲ ರೇಡಿಯಂ ಎನ್ನುತ್ತಾರೆ. ಹಾಗಾಗಿ ಇವರು ರೇಡಿಯಂ ಕಾಕಾ. ಪೂರ್ತಿ ಹೆಸರು ಹೇಳಿ ವಿಚಾರಿಸಿದರೆ ಪಕ್ಕದ ಅಂಗಡಿಯವರೂ ಒಂದು ಗಳಿಗೆ ಯೋಚಿಸುತ್ತಾರೆ.

ಟ್ರಾಲಿಯ ಸುತ್ತ ನಡೆಯುವ ಈ ರೂಢಿ ಅವರಿಗೆ ಬಂದದ್ದು ಕ್ಯಾಂಪಿನಿಂದ, ಅಂದರೆ ಬೆಳಗಾವಿಯ ದಂಡು ಪ್ರದೇಶದಿಂದ. ಚಿಕ್ಕಂದಿನಲ್ಲಿ ಸಾಲೆಗೆ ಹೋಗುವಾಗ, ಮಿಲಿಟರಿಯ ಲಾರಿಗಳು ಹಿಂದೆ ಸಣ್ಣ ಟ್ರೇಲರು ಕಟ್ಟಿಕೊಂಡು ಸಾಲಾಗಿ ನಿಂತಿರುವುದನ್ನು ನೋಡುತ್ತಿದ್ದರಂತೆ. "ಹೊರಡೂಕ್ಕಿಂತ ಮೊದಲ ಒಬ್ಬ ಜವಾನ ಪ್ರತಿಯೊಂದು ಗಾಡಿ ಸುತ್ತ ಒಂದ ಸುತ್ತ ಹಾಕತಿದ್ದಾರಿ. ಪಿನ್ನು, ಸರಪಳಿ, ದೀಪ, ಎಲ್ಲಾ ಕೈಯಿಂದ ಮುಟ್ಟಿ ನೋಡಾವಾ. ಬರೇ ಕಣ್ಣಿಂದ ನೋಡಿ ಹೋದದ್ದನ್ನ ನಾ ಒಂದ ದಿವಸಾನೂ ಕಂಡಿಲ್ಲ," ಎಂದು ನೆನೆಯುತ್ತಾರೆ. ಮುಟ್ಟಿ ನೋಡಬೇಕು ಎಂಬುದು ಅವರ ಜೀವದ ಮಾತು. ಆ ಮಾತನ್ನು ಒಂದೇ ಒಂದು ಸಲ ಮರೆತದ್ದರ ಬೆಲೆ ಏನು ಎಂಬುದನ್ನೂ ಅವರು ಬಲ್ಲರು.

ಮೂರು ವರ್ಷದ ಹಿಂದಿನ ಮಾತು. ಖಾನಾಪುರ ಕಡೆಯ ರೈತ ದುಂಡಪ್ಪ ಹೊಸ ಟ್ರಾಲಿ ಮಾಡಿಸಿ, ರೇಡಿಯಂ ಹಚ್ಚಿಕೊಡಿ ಎಂದು ಬಂದಿದ್ದರು. ಪದ್ಮಾಕರ ಮನಸ್ಸಿಟ್ಟು ಹಚ್ಚಿದರು. ನಿಯಮ ಹೇಳುವ ಹಾಗೆ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. ಟ್ರಾಲಿಗೆ ಅದರದೇ ನಂಬರು. ಹಿಂದಿನ ಕೆಂಪನ್ನು ಟ್ರಾಲಿಯ ಹಿಂಬದಿಯ ತಗಡಿನ ಬಾಗಿಲಿನ ಮೇಲೆ, ಅಳತೆ ಹಿಡಿದು, ಒಂದು ಗುಳ್ಳೆ ಏಳದಂತೆ ಅಂಟಿಸಿದರು. ಅಲ್ಲೇ ತಪ್ಪಿದ್ದು, ಆ ಬಾಗಿಲಿನ ಕೀಲನ್ನು ಮುಟ್ಟಿ ನೋಡಲಿಲ್ಲ. ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ಕಡೆ ಯಾರೂ ಹಿಂದಿನ ಬಾಗಿಲು ಇಟ್ಟುಕೊಳ್ಳುವುದಿಲ್ಲ. ಕಬ್ಬು ಉದ್ದ, ಟ್ರಾಲಿ ಗಿಡ್ಡ. ಕೀಲು ತೆಗೆದು ಬಾಗಿಲನ್ನು ಮನೆಯಲ್ಲಿಟ್ಟು ಹೊರಡುತ್ತಾರೆ. ದುಂಡಪ್ಪನವರೂ ಹಾಗೇ ಹೊರಟರು. ದಾರಿಯಲ್ಲಿ ಟೈರು ಪಂಕ್ಚರಾಗಿ, ಮಂಜಿನಲ್ಲಿ, ಟ್ರಾಲಿ ರಸ್ತೆಯ ಮೇಲೆಯೇ ನಿಂತಿತು.

ಹಿಂದಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದವರು ಖಾನಾಪುರದ ಮುಕ್ತಾ. ಆಗ ಅವರಿಗೆ ಮೂವತ್ತೊಂದು. ಕ್ಯಾಂಪಿನ ಹೊಲಿಗೆ ತರಬೇತಿ ಕೇಂದ್ರವೊಂದರಲ್ಲಿ ಬೆಳಗಿನ ತರಗತಿಗೆ ಕಲಿಸುತ್ತಿದ್ದರು. ಟ್ರಾಲಿ ಅವರಿಗೆ ಕಾಣಲೇ ಇಲ್ಲ. ಬಲಗಾಲಿನ ಎಲುಬು ಎರಡು ಕಡೆ ಮುರಿದು ರಾಡು ಬಿತ್ತು, ಕೆಲಸ ಹೋಯಿತು.

"ನಾನ ಸ್ವತಃ ಹಚ್ಚಿದ ರೇಡಿಯಂ ಅದು," ಎನ್ನುವಾಗ ಪದ್ಮಾಕರರ ದನಿ ಇಳಿಯುತ್ತದೆ. "ಸುದ್ದಿ ಕೇಳಿ ದುಂಡಪ್ಪನ ಮನಿಗಿ ಓಡಿದೆ. ಹಿಂದಿನ ಬಾಗಿಲಾ ಕೊಟ್ಟಿಗ್ಯಾಗ ಗ್ವಾಡಿಗಿ ಆನಿಕೊಂಡ ನಿಂತಿತ್ತು. ಟಾರ್ಚ್ ಬಿಟ್ರ ಏನ್ ಹೊಳೀತಿತ್ರಿ ಅದು! ಎಮ್ಮಿಗೊಳು ನೋಡಿಕೋತ ಕುಂತಿದ್ದೂ. ರಸ್ತೇದಾಗ ಇರಬೇಕಾದದ್ದು ಎಮ್ಮಿ ಮುಂದ ಹೊಳ್ಯಾಕ ಹತ್ತಿತ್ತು."

ಪೊಲೀಸರ ಕಾಗದದಲ್ಲಿ ಅವರ ಹೆಸರು ಎಲ್ಲಿಯೂ ಇರಲಿಲ್ಲ. ಯಾರೂ ಅವರತ್ತ ಬೆರಳು ತೋರಿಸಲಿಲ್ಲ. ರೇಡಿಯಂ ಹಚ್ಚುವವನ ತಪ್ಪು ಇದರಲ್ಲಿ ಏನಿದೆ ಎಂದು ಹೆಂಡತಿ ಕಾಂತಾ ಕೂಡ ಸಮಾಧಾನ ಹೇಳಿದರು. ಆದರೆ ಮನುಷ್ಯನಿಗೆ ಅನ್ನ ಇಳಿಯಲಿಲ್ಲ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ತಾಟಿನ ಮುಂದೆ ಕೂತೇ ಹೊತ್ತು ಮುಳುಗಿಸಿ, ಉಣ್ಣದೆ ಏಳುತ್ತಿದ್ದರಂತೆ. ನಾಲ್ಕನೆಯ ದಿನ ಕಾಂತಾ ಅವರೇ, "ಇಲ್ಲಿ ಕುಂತು ಸೊರಗೂಕ್ಕಿಂತ ಹೋಗಿ ಆಕಿ ಮುಂದ ಹೇಳಿ ಬರ್ರಿ," ಎಂದು ದವಾಖಾನೆಗೆ ಅಟ್ಟಿದರು.

ಆ ಭೇಟಿಯನ್ನು ಮುಕ್ತಾ ಇಂದಿಗೂ ನಕ್ಕು ನೆನೆಯುತ್ತಾರೆ. ಮನೆಮಾತು ಮರಾಠಿ, ಕನ್ನಡ ಓಣಿಯಲ್ಲಿ ಕಲಿತದ್ದು. "ಖರೇ ಹೇಳತೇನ್ರಿ, ಮೊದಲ ಸಿಟ್ಟ ಬಂತು. ಕಾಲ್ ಮುರಕೊಂಡಾಕಿ ನಾನು, ಇವರು ಬಾಜೂಕ ನಿಂತು ಅಳಾಕ ಹತ್ತ್ಯಾರ! ನಾ ಅಂದೆ, ಕಾಕಾ, ಅಳಬ್ಯಾಡ್ರಿ. ಬಾಗಿಲಾ ತಗದ್ರೂ ಕಾಣೂವಂಗ ಏನರೆ ಮಾಡ್ರಿ. ಆಮ್ಯಾಲ ಬರ್ರಿ."

ಹನ್ನೊಂದು ದಿನ ಬಿಟ್ಟು ಅವರು ಮತ್ತೆ ಹೋದರು. ಕೈಯಲ್ಲಿ ರವಿವಾರ ಪೇಟೆಯ ಸಗಟು ಅಂಗಡಿಯವರು ಎಸೆದ ತಾಡಪತ್ರಿಯ ಚೂರು, ಅದರ ಮೇಲೆ ಕೆಂಪು ರೇಡಿಯಂ, ಅಂಚಿಗೆ ಕಾಂತಾ ಹಾಕಿದ ಕೈಹೊಲಿಗೆ. ಬಾಗಿಲಿರಲಿ ಬಿಡಲಿ, ಕಬ್ಬು ಎಷ್ಟೇ ಚಾಚಿರಲಿ, ಎಲ್ಲಕ್ಕಿಂತ ಹಿಂದೆ ಇದೇ ಇಳಿಬಿದ್ದಿರಬೇಕು ಎಂಬ ಲೆಕ್ಕಾಚಾರ. ಮುಕ್ತಾ ಅದನ್ನು ತಿರುವಿ ಮುರುವಿ ನೋಡಿ, "ಇದೆಂಥಾ ಹೊಲಿಗೀರಿ ಕಾಕಾ, ಎರಡ ಖೇಪಿಗೆ ಹರೀತದ," ಎಂದು ತಮ್ಮ ಬಳಿಯೇ ಇಟ್ಟುಕೊಂಡರು. ಮನೆಗೆ ಬಂದ ಮೇಲೆ, ಬಲಗಾಲು ಮಡಚಲು ಬಾರದಿದ್ದಾಗ ಎಡಗಾಲಿನಿಂದಲೇ ಮಷಿನ್ ತುಳಿದು ಮೊದಲ ಹನ್ನೆರಡು ಪಟ್ಟಿ ಹೊಲಿದುಕೊಟ್ಟರು.

ಲಂಗೋಟಿ ಎಂಬ ಹೆಸರು ಚಾಲಕರ ಕೊಡುಗೆ. ಪದ್ಮಾಕರರಿಗೆ ಆ ಶಬ್ದವೆಂದರೆ ವಿಪರೀತ ಸಂಕೋಚ. ಹೆಣ್ಣುಮಕ್ಕಳ ಮುಂದೆ ಪಟ್ಟಿ, ಪಟ್ಟಿ ಎಂದೇ ಹೇಳುತ್ತಿದ್ದರು. ಒಂದು ದಿನ ಮುಕ್ತಾ ಫೋನಿನಲ್ಲಿ, "ಈ ವಾರ ಎಷ್ಟ ಲಂಗೋಟಿ ಹೊಲೀಲಿರಿ ಕಾಕಾ?" ಎಂದು ಕೇಳಿದಾಗ ಅಂಗಡಿಯಲ್ಲಿ ಒಬ್ಬರೇ ಇದ್ದರೂ ತಲೆ ತಗ್ಗಿಸಿದರಂತೆ.

ಕೆಲಸ ಸುಲಭವಾಗಿ ಹತ್ತಲಿಲ್ಲ. ಆರ್‌ಟಿಓ ಕಡೆಯವರೆಂದು ತಿಳಿದು ಚಾಲಕರು ಇವರನ್ನು ಕಂಡರೆ ಗಾಡಿ ನಿಲ್ಲಿಸುತ್ತಿರಲಿಲ್ಲ. ನಿಲ್ಲಿಸಿದವರೂ ಲಂಗೋಟಿಯನ್ನು ಮುಂದಿನ ತಿರುವಿನಲ್ಲಿ ಬಿಚ್ಚಿ ಎಸೆಯುತ್ತಿದ್ದರು. ಗಾಡಿಗೆ ದೃಷ್ಟಿಯಾಗಬಾರದೆಂದು ಹಿಂದೆ ಹರಿದ ಚಪ್ಪಲಿ ಕಟ್ಟುವವರಿಗೆ ಇದನ್ನು ಕಟ್ಟಲು ಮಾತ್ರ ಹಗ್ಗ ಸಿಗುತ್ತಿರಲಿಲ್ಲ. ಅದೇ ಕೆರವನ್ನು ಹಿಡಿದು ಪದ್ಮಾಕರ ದಾರಿ ಮಾಡಿಕೊಂಡರು. "ಮಂದೀ ದೃಷ್ಟಿ ಬೀಳಬಾರದಂತ ಕೆರಾ ಕಟ್ಟೀರಿ, ಕಟ್ಟ್ರಿ. ಆದ್ರ ಹಿಂದ ಬರಾವಂದು ದೃಷ್ಟಿ ಬೀಳಲಾರದ ಹೆಂಗ ನಡೀತದ? ಅದರ ಬಾಜೂಕ ಇದೂ ಒಂದ ಇರ್ಲಿ, ಅಂತ ಹೇಳಿದೆ. ನಕ್ಕರು. ನಕ್ಕವರು ಕಟ್ಟಿಸಿಕೊಂಡರು," ಎನ್ನುತ್ತಾರೆ.

ಹಂಗಾಮಿನಲ್ಲಿ ಈಗ ಅವರ ದಿನಚರಿ ಗಡಿಯಾರದಂತೆ. ಐದಕ್ಕೆ ಅನಗೋಳ ಬಿಟ್ಟು ಹಳೆಯ ಮೊಪೆಡ್ಡಿನಲ್ಲಿ ಇಲ್ಲಿಗೆ ಬರುತ್ತಾರೆ. ಹೋಗುವವು, ಬರುವವು ಎಲ್ಲ ಸೇರಿ ಬೆಳಗಿಗೆ ಹದಿನೈದು ಇಪ್ಪತ್ತು ಟ್ರಾಲಿಗಳ ಸುತ್ತ ನಡೆಯುತ್ತಾರೆ. ಎಂಟಕ್ಕೆ ರವಿವಾರ ಪೇಟೆಯ ಅಂಗಡಿ. ಈವರೆಗೆ ಆರುನೂರ ನಲವತ್ತು ಲಂಗೋಟಿ ಕಟ್ಟಿದ್ದಾರೆ. ದುಂಡಪ್ಪನವರ ಟ್ರಾಲಿಗೆ ಎರಡಿವೆ. ಒಂದು ಹರಿದರೆ ಇನ್ನೊಂದಿರಲಿ ಎಂದು ಅವರೇ ಕೇಳಿ ಕಟ್ಟಿಸಿಕೊಂಡದ್ದು.

ಚೀಲದಲ್ಲಿ ಒಂದು ರಟ್ಟೂ ಇರುತ್ತದೆ. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ, ಬೋರ್ಡು ಬರೆಯುತ್ತಿದ್ದ ಕೈಯ ದುಂಡನೆಯ ಅಕ್ಷರ. ಟ್ರಾಲಿಗೂ ನಂಬರು ಬೇಕು, ದೀಪ ಬೇಕು. ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮೂಕಿಯ ಮೇಲೆ ಯಾರನ್ನೂ ಕೂರಿಸಬಾರದು. ಕೆಟ್ಟು ನಿಂತರೆ ಎಚ್ಚರಿಕೆಯ ತ್ರಿಕೋನ ಇಡಬೇಕು, ಕಲ್ಲಿಟ್ಟರೆ ಹೊರಡುವಾಗ ಆ ಕಲ್ಲನ್ನು ತೆಗೆಯಬೇಕು. ಕೊನೆಯದು ಕಾನೂನಿಗಿಂತ ಅವರ ಸ್ವಂತ ಸಿಟ್ಟು. "ಗಾಡಿ ಹೋಗಿ ಎಂಟ ದಿನಾ ಆದ್ರೂ ಕಲ್ಲು ರಸ್ತೇದಾಗ ಕಾಯಕೋತ ಕುಂತಿರ್ತದರಿ," ಎಂದು ಕಿಡಿಯಾಗುತ್ತಾರೆ.

ಇಷ್ಟೆಲ್ಲ ಆದರೂ ಅವರ ಎದೆಯ ಭಾರ ಇಳಿದಿರಲಿಲ್ಲ. ಮುಕ್ತಾ ಕೋಲು ಬಿಟ್ಟು ನಡೆದರು, ಮನೆಯಲ್ಲೇ ಹೊಲಿಗೆ ಹಿಡಿದರು, ಓಣಿಯೊಳಗೆ ಸ್ಕೂಟರನ್ನೂ ಓಡಿಸಿದರು. ಆದರೆ ಮಂಜಿನ ಹೊತ್ತಿಗೆ ಈ ರಸ್ತೆಗೆ ಬರಲಿಲ್ಲ. ತರಬೇತಿ ಕೇಂದ್ರದವರು ಎರಡು ಸಲ ಕರೆದಾಗಲೂ ಬೇರೆ ಬೇರೆ ನೆವ ಹೇಳಿದರು. ಅವು ನೆವ ಎಂಬುದು ಪದ್ಮಾಕರರಿಗೆ ಗೊತ್ತಿತ್ತು. ಕಾಲು ಕೂಡಿದರೂ ಧೈರ್ಯ ಕೂಡಿರಲಿಲ್ಲ. ಅದನ್ನೂ ಮುರಿದವನು ತಾನೇ ಎಂದು ಅವರು ಒಳಗೊಳಗೇ ಕೊರಗುತ್ತಿದ್ದರು.

ಹೋದ ವಾರ ಮುಕ್ತಾ ಫೋನ್ ಮಾಡಿ, ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗುತ್ತೇನೆ, ಬಸ್ಸಿಗಲ್ಲ, ಸ್ಕೂಟರಿಗೇ ಹೋಗುತ್ತೇನೆ ಎಂದರು. ಹೊಸದಾಗಿ ಹೊಲಿದ ಲಂಗೋಟಿಗಳ ಗಂಟನ್ನೂ ದಾರಿಯಲ್ಲಿ ಕೊಡುವುದಾಗಿ ಹೇಳಿದರು. ಇಂದೇ ಆ ಸೋಮವಾರ. ಮೂರು ವರ್ಷದ ಹಿಂದೆ ಹೊರಟ ಹೊತ್ತಿಗೇ ಹೊರಟಿದ್ದಾರೆ. ಆರೂವರೆಗೆ ಇಲ್ಲಿರಬೇಕು.

ಆರೂವರೆ ಆಗುತ್ತದೆ. ಆರೂ ನಲವತ್ತು. ಸಾತಪ್ಪ ಕೊಟ್ಟ ಚಹಾ ಕೆನೆಗಟ್ಟುತ್ತದೆ. ಎರಡು ಟ್ರಾಲಿಗಳು ಬಂದು ನಿಂತರೂ ಪದ್ಮಾಕರ ಏಳುವುದಿಲ್ಲ. ಚಾಲಕರೇ ಕರೆಯಬೇಕಾಗುತ್ತದೆ. ಫೋನ್ ಮಾಡೋಣವೆಂದರೆ ಗಾಡಿ ಓಡಿಸುವವರಿಗೆ ಫೋನ್ ಮಾಡಬಾರದು ಎಂಬುದು ಅವರದೇ ನಿಯಮ. ಮೊಬೈಲನ್ನು ಕಿಸೆಯಿಂದ ತೆಗೆಯುತ್ತಾರೆ, ಮತ್ತೆ ಇಡುತ್ತಾರೆ. ಆರೂ ಐವತ್ತೈದು. "ನಾ ಹೂಂ ಅನ್ನಬಾರದಾಗಿತ್ತು," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ.

ಮಂಜಿನೊಳಗಿಂದ ಮೊದಲು ಸದ್ದು ಬರುತ್ತದೆ. ಆಮೇಲೆ ಒಂಟಿ ದೀಪ. ಆಮೇಲೆ ಶಾಲು ಬಿಗಿದು, ಹೆಲ್ಮೆಟ್ ಹಾಕಿಕೊಂಡ ಮುಕ್ತಾ. ಸ್ಕೂಟರು ನಿಲ್ಲಿಸಿ ಕಾಲೂರುತ್ತಾರೆ, ಬಲಗಾಲನ್ನೇ.

"ಯಾಕ ತಡಾ ಆತು ಮಗಳ?"

"ದೇಸೂರ ಹಂತ್ಯಾಕ ಒಂದ ಟ್ರಾಲಿ ಕೆಟ್ಟ ನಿಂತಿತ್ರಿ ಕಾಕಾ. ಹಿಂದ ದೀಪಿಲ್ಲ, ರೇಡಿಯಂ ಇಲ್ಲ, ಬರೇ ಕಬ್ಬು. ಹಗೂರ ಬರತಿದ್ದೆ, ಅದಕ್ಕ ಕಂಡಿತು." ಮುಕ್ತಾ ಹೆಲ್ಮೆಟ್ ತೆಗೆಯುತ್ತಾರೆ. "ಹೊಳ್ಳಿ ಮನಿಗಿ ಹೋಗಿಬಿಡೂಣು ಅನಿಸ್ತು. ಆಮ್ಯಾಲ ನನ್ನ ಹಿಂದ ಬರಾವರ ನೆನಪಾತು. ಗಾಡಿ ಬಾಜೂಕ ಹಚ್ಚಿ, ಸೀಟಿನ ಕೆಳಗಿನ ಡಿಕ್ಕಿ ತಗದು, ಒಂದ ಲಂಗೋಟಿ ಕಟ್ಟಿ ಬಂದೆ."

ಪದ್ಮಾಕರ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ. ಅದರ ಮೇಲೆ ಮಂಜೇನೂ ಕೂತಿಲ್ಲ. ಅದನ್ನು ಮತ್ತೆ ಏರಿಸಿಕೊಂಡು ಕೇಳುತ್ತಾರೆ: "ಗಂಟ ಎಷ್ಟ ಹಾಕಿದಿ?"

"ಎರಡ ಹಾಕೇನ್ರಿ ಕಾಕಾ."

"ಹಂಗಾದ್ರ ಹೋಗು, ಕ್ಲಾಸಿಗೆ ಹೊತ್ತಾತು."

ಲಂಗೋಟಿಗಳ ಗಂಟನ್ನು ಅವರ ಕೈಗಿಟ್ಟು ಮುಕ್ತಾ ಹೊರಡುತ್ತಾರೆ. ಗಂಟಿನಲ್ಲಿ ಇಪ್ಪತ್ತು ಇರಬೇಕಿತ್ತು, ಹತ್ತೊಂಬತ್ತಿವೆ. ಪದ್ಮಾಕರ ಎರಡು ಸಲ ಎಣಿಸಿ, ಸಾತಪ್ಪನಿಗೆ ಬಿಸಿ ಚಹಾ ಹೇಳಿ, ಬೆಳಗಿನಿಂದ ಮೊದಲ ಸಲ ಬೆನ್ನು ಆನಿಸಿ ಕೂರುತ್ತಾರೆ. ಇಷ್ಟು ಮಾಡುವ ನಿಮಗೆ ಏನಾದರೂ ಆಸೆ ಇಲ್ಲವೇ ಎಂದರೆ, ಸ್ಕೂಟರು ಹೋದ ದಿಕ್ಕಿಗೆ ಗದ್ದ ತೋರಿಸುತ್ತಾರೆ.

"ಒಂದ ಇತ್ರಿ. ಈಗಷ್ಟ ಕ್ಯಾಂಪಿಗೆ ಹೋತು ನೋಡ್ರಿ."